ಬಲಗಡೆಯ ಬಾಗಿಲು

ಕನ್ನಡಿಯೊಳಗೆ ಗೇಟಿನ ಕಂಬ ಸಣ್ಣದಾಗಿ ಕಾಣುತ್ತಿದೆ, ಅಷ್ಟು ಸಣ್ಣದಲ್ಲ ಅದು, ಕನ್ನಡಿಯನ್ನು ಪೂರ್ತಿ ನಂಬಬೇಡ ಬದರು ಅಂತ ನನ್ನ ಗಂಡ ರಶೀದ್ ಎಷ್ಟು ಸಲ ಹೇಳಿದ್ದಾರೋ, ಕಂಬದ ಬುಡದಲ್ಲೊಂದು ಬೆಕ್ಕು, ಹೋಗೇ, ನಿನಗೂ ಈಗಲೇ ಮೈ ನೆಕ್ಕಿಕೊಳ್ಳಬೇಕಿತ್ತೇ — ಎಡಗೈ ಗೇರಿನ ಮೇಲಿದೆ, ಬೆರಳುಗಳಿಂದ ಥಿನ್ನರ್ ವಾಸನೆ ಇನ್ನೂ ಹೋಗಿಲ್ಲ, ಮೂಗಿಗೆ ಬಡಿದಾಗಲೆಲ್ಲ ಮಧ್ಯಾಹ್ನ ಮತ್ತೆ ಬರುತ್ತದೆ, ಸಾರಿಗೆ ಕಚೇರಿಯ ಹೊರಗಿನ ಹೊಂಗೆ ಮರ, ಅದರ ಕೆಳಗೆ ನಮ್ಮ ಬಿಳಿ ಪಿಕಪ್, ಬಾಗಿಲ ಮೇಲೆ ಹಳದಿ ಅಕ್ಷರ. ಅದನ್ನು ಈಗ ಯೋಚಿಸಬಾರದು. ಈಗ ಹಿಂದಕ್ಕೆ ಹೋಗಬೇಕು. ಮೂತಿ ಮುಂದು ಮಾಡಿ ನುಗ್ಗಿಸಿದರೆ ಸುಲಭ, ಆದರೆ ಆಗ ರಶೀದರ ಕಡೆಯ ಬಾಗಿಲು ಅಡ್ಡರಸ್ತೆಯ ಬದಿಯ ಕಾಂಪೌಂಡಿನ ಗ್ರಿಲ್ಲಿಗೆ ಅಂಟಿಕೊಳ್ಳುತ್ತದೆ, ಅವರು ಇಳಿಯುವುದೆಲ್ಲಿ, ಗಾಲಿಕುರ್ಚಿ ಬಿಡಿಸುವುದೆಲ್ಲಿ, ಹಿಂದುಹಿಂದಾಗಿ ಬಿಟ್ಟರೆ ಅವರ ಬಾಗಿಲು ನೇರ ನಮ್ಮ ಮನೆಯ ಹೊಸ್ತಿಲಿಗೆ, ನಾನು ಗ್ರಿಲ್ಲಿನ ಸಂದಿಯಲ್ಲಿ ಹೇಗೋ ನುಸುಳಿ ಇಳಿದೇನು. ಗ್ರಿಲ್ಲಿಗೆ ಒಂದು ಗೀರು ಬಿದ್ದರೂ ಜಾಗವಿಲ್ಲ ಅಂದಿದ್ದಾರೆ ಮನೆಯ ಓನರ್ ವನಜಮ್ಮ, ಹೋದ ತಿಂಗಳು ನೀರಿನ ಟ್ಯಾಂಕರಿನವನು ಗುದ್ದಿ ಹೋದ ಗ್ರಿಲ್ಲು ಅದು, ನೋಡಮ್ಮ, ನಾನೂ ನಿಮ್ ಜಿಲ್ಲೆಯೋಳೇ, ಕೊರಟಗೆರೆ ಕಡೆ, ನಿನ್ ಕಷ್ಟ ನಂಗೊತ್ತಾಗಲ್ವಾ, ಆದ್ರೆ ಈ ಬೀದೀಲಿ ಹಳ್ದಿ ಬೋರ್ಡಿನ ಬಾಡಿಗೆ ಗಾಡಿ ನಿಲ್ಲಿಸ್ಬಾರ್ದು ಅಂತ ರೂಲ್ಸ್ ಮಾಡವ್ರೆ, ಸ್ವಂತದ್ದು ಅಂತ ಬಿಳಿ ಬೋರ್ಡ್ ಮಾಡಿಸ್ಕೊಂಡ್ ಬಾ, ಒಳಗೆ ನಿಲ್ಸು, ನನ್ ಗ್ರಿಲ್ ಮುಟ್ದಂಗೆ. ಜಾಗವಿಲ್ಲದಿದ್ದರೆ ಗಾಡಿಯಿಲ್ಲ, ಗಾಡಿಯಿಲ್ಲದಿದ್ದರೆ ಆಸ್ಪತ್ರೆಯಿಲ್ಲ, ಹೊಸ ಕಾಲು ತೊಡಿಸಿ ನಡೆಯುವುದನ್ನು ಕಲಿಸುತ್ತಾರಲ್ಲ, ವಾರಕ್ಕೆ ಮೂರು ದಿನ, ಆರು ತಿಂಗಳು, ನಮ್ಮೂರು ಶಿರಾದಿಂದ ಓಡಾಡುವುದು ಆಗದು ಅಂತಲೇ ಈ ಊರಿಗೆ ಬಾಡಿಗೆಗೆ ಬಂದದ್ದು, ಇಲ್ಲಿ ಆಟೋದವರು ಕುರ್ಚಿ ಕಂಡ ಕೂಡಲೇ ಅತ್ತ ನೋಡುತ್ತಾರೆ.

ಕಾರು ತಗೊಳ್ಳೋಣ ಅಂದಿದ್ದೆ ನಾನು. ಕಾರಲ್ಲಿ ಕೂತ್ರೆ ರೋಡು ಮೈಮೇಲೆ ಬಂದಂಗಾಗ್ತದೆ ಬದರು, ನಂಗೆ ಎತ್ತರ ಬೇಕು ಅಂದರು, ಮೂವತ್ತು ವರ್ಷ ಲಾರಿಯ ಸೀಟಿನಿಂದ ಲೋಕ ನೋಡಿದವರು, ಪಾವಗಡದ ಕಡಲೆಕಾಯಿ, ಮಧುಗಿರಿಯ ಹುಣಸೆ, ಎಲ್ಲ ಬೇರೆಯವರ ಲಾರಿ, ಬೇರೆಯವರ ಹೆಸರು, ಸಕ್ಕರೆ ಕಾಯಿಲೆ ಕಾಲನ್ನು ತಿಂದ ಮೇಲೆ ಮನೆಯ ಕಿಟಕಿಯೊಂದೇ. ಎರಡು ಸಾಲು ಸೀಟು, ಹಿಂದೆ ಕುರ್ಚಿಗೆ ತೆರೆದ ತೊಟ್ಟಿ, ನಮಗೆ ಇದೇ ಸರಿ ಅಂದುಕೊಂಡೆವು. ಓಡಿಸುವವರು ಯಾರು ಅಂತ ನಾನು ಕೇಳಿದಾಗ ನನ್ನನ್ನೇ ನೋಡಿದರು, ತಮಾಷೆ ಅಂದುಕೊಂಡೆ, ನಲವತ್ತೇಳು ದಾಟಿತ್ತು ನನಗೆ. ಬುಕ್ಕಾಪಟ್ಟಣದ ಕುರುಚಲು ಕಾಡಿನ ಪಕ್ಕದ ಖಾಲಿ ರಸ್ತೆ, ಮೈದುನ ಖಲೀಲನ ಹಳೆ ವ್ಯಾನು, ಕ್ಲಚ್ ಬುಡು ಬುಡು, ಇಂಗಲ್ಲ, ಆಹಿಸ್ತಾ, ಮೆಲ್ಲಗೆ, ಹಾಲು ಉಕ್ಕೋ ಮೊದಲು ಉರಿ ಇಳಿಸ್ತೀಯಲ್ಲ ಅಂಗೆ, ರಶೀದ್ ಹಾಗಂದ ಮೇಲೆ ನನ್ನ ಕಾಲಿಗೆ ತಿಳಿಯಿತು, ಒಂದು ಚಿಂಕಾರ ಜಿಂಕೆ ರಸ್ತೆಯ ಅಂಚಿನಲ್ಲಿ ನಿಂತು ಕಿವಿಯೆತ್ತಿ ನನ್ನನ್ನೇ ನೋಡುತ್ತಿತ್ತು, ಇಂಥದನ್ನು ಹಿಂದೆ ಕಂಡಿಲ್ಲ ಅನ್ನುವ ಹಾಗೆ, ನಾನೂ ಕಂಡಿರಲಿಲ್ಲ. ತಟ್ — ಪಕ್ಕದಲ್ಲಿ ರಶೀದ್ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲು ತಟ್ಟಿದ್ದಾರೆ, ಲಾರಿಯ ಭಾಷೆ, ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಬಾ, ನಿಲ್ಲಿಸಿದೆ, ಏನಾಯ್ತು, ಬೆಕ್ಕು ಹೋಗ್ಲಿ ತಾಳು. ಬೆಕ್ಕು ಹೋಯಿತು. ತಟ್ ತಟ್. ಬರ್ಲಿ, ಬರ್ಲಿ.

ಹಳದಿ ಅಕ್ಷರ. ಹೊಸ ಗಾಡಿಯನ್ನು ಎಲ್ಲರಿಗೂ ತೋರಿಸೋಣ ಅಂತ ಶಿರಾಕ್ಕೆ ಹೋದೆವು, ಇನ್ನೂ ತಾತ್ಕಾಲಿಕ ನಂಬರು, ಶುಕ್ರವಾರ ನಮಾಜಿಗೆ ಹೋಗಿ ಬರ್ತೀವಿ ಅಂತ ಹೊರಟ ಅಣ್ಣ ತಮ್ಮ ಸಂಜೆಯಾದರೂ ಬರಲಿಲ್ಲ, ಬಂದಾಗ ರಶೀದ್ ಮದುವೆ ಗಂಡಿನ ಹಾಗೆ ನಗುತ್ತಿದ್ದರು, ಬಲಗಡೆ ನೋಡು ಅಂದರು. ಪೇಂಟರ್ ಯುವರಾಜ್ ಕೈಬರಹ, ಶಿರಾದ ಲಾರಿಗಳಿಗೆಲ್ಲ ಬರೆಯುವವನು, ನಾನು ಕೂರುವ ಬಾಗಿಲ ಮೇಲೆ, ಮಾಲೀಕರು ಬದರುನ್ನೀಸಾ, ಕೆಳಗೆ ಗೂಡ್ಸ್ ಕ್ಯಾರಿಯರ್, ಅದರ ಕೆಳಗೆ ಖಾಲಿ ತೂಕ, ಹೊರೆ ತೂಕ. ಸ್ವಂತದ ಗಾಡಿಗೆ ಇದು ಕೂಡದು ಅಂತ ಯಾರಿಗೂ ಹೊಳೆಯಲಿಲ್ಲ. ಹಿಂದೆ ತೊಟ್ಟಿಯಿದ್ದರೆ ಬಾಗಿಲ ಮೇಲೆ ಇಷ್ಟು ಇರಲೇಬೇಕು, ನಮ್ಮೂರಿನಲ್ಲಿ ಅದು ಮಗುವಿಗೆ ಕಾಡಿಗೆ ಹಚ್ಚಿದ ಹಾಗೆ, ಬೀದಿಯವರೆಲ್ಲ ಬಂದು ನೋಡಿ ಚೆನ್ನಾಗೈತೆ ಅಂದರು, ನನಗಂತೂ ತೂಕದ ಸಾಲು ಕಾಣಲೇ ಇಲ್ಲ, ಹೆಸರೊಂದೇ ಕಂಡಿತು. ನನ್ನ ಹೆಸರನ್ನು ಅಷ್ಟು ದಪ್ಪಗೆ ಯಾರೂ ಬರೆದಿರಲಿಲ್ಲ, ಆಸ್ಪತ್ರೆಯ ಚೀಟಿಯಲ್ಲೂ ನಾನು ರಶೀದ್ ಕಡೆಯವರು. ಇವತ್ತು ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರು ಗಾಡಿಯನ್ನು ಒಂದು ಸುತ್ತು ಬಂದು ಬಲಗಡೆ ನಿಂತರು, ಏನಮ್ಮ, ಸ್ವಂತಕ್ಕೆ ಅಂತ ಅರ್ಜಿ ಹಾಕಿದೀರ, ಬಾಗಿಲ ಮೇಲೆ ಲಾರಿ ಜಾತಕ ಬರೆಸಿದೀರ, ನಾಲ್ಕು ಗಂಟೆಯೊಳಗೆ ಇದನ್ನೆಲ್ಲ ಅಳಿಸ್ಕೊಂಡು ಬನ್ನಿ. ರಶೀದ್ ತಲೆಯೆತ್ತಲಿಲ್ಲ. ಥಿನ್ನರ್ ತಂದೆ, ನನ್ನ ಹಳೆ ದುಪಟ್ಟಾ ಹರಿದೆ, ಕುರ್ಚಿಯಲ್ಲಿ ಕೂತೇ ಅವರು ಕೈಗೆ ಎಟುಕಿದ ಕೆಳಗಿನ ಸಾಲುಗಳನ್ನು ಉಜ್ಜಿದರು, ಮೇಲಿನದು ನನ್ನ ಪಾಲಿಗೆ ಉಳಿಯಿತು, ತಪ್ಪು ನಂದೇ ಬದರು, ನಿನ್ ಹೆಸರೂ ಹೋಗ್ಬೇಕೇನೋ. ಮಾಲೀಕರು ಹೋಯಿತು. ಬಟ್ಟೆಯನ್ನು ಮತ್ತೆ ಅದ್ದಿದೆ, ಕೊನೆಯ ಅಕ್ಷರದ ಮೇಲಿಟ್ಟೆ, ಸಾ ಕರಗಿ ಒಂದು ಹನಿ ಕೆಳಗಿಳಿಯತೊಡಗಿತು, ಆಗ ಚಹಾ ಕುಡಿಯಲು ಹೊರಬಂದ ಇನ್ಸ್‌ಪೆಕ್ಟರು, ಅಯ್ಯೋ ತೂಕ ಅಳಿಸಿ ಅಂದ್ರೆ ಹೆಸರು ಯಾಕಮ್ಮ ಅಳಿಸ್ತೀರ, ಅದಿರ್ಲಿ ಬುಡಿ, ನನ್ ಸ್ಕೂಟರ್ ಮೇಲೂ ಮಗಳ ಹೆಸರೈತೆ. ಕೈ ಅಲ್ಲೇ ನಿಂತಿತು. ಹನಿಯೂ ಅಲ್ಲೇ ನಿಂತಿತು.

ತಟ್ ತಟ್. ಬರ್ಲಿ. ಬಿಳಿ ಬೋರ್ಡಿನ ಕಾಗದ ಡ್ಯಾಶ್‌ಬೋರ್ಡಿನಲ್ಲಿದೆ, ವನಜಮ್ಮ ಸೆರಗು ಹಿಡಿದು ಮೆಟ್ಟಿಲ ಮೇಲೆ, ಗ್ರಿಲ್ಲು ನನ್ನ ಮೊಣಕೈ ಪಕ್ಕದಲ್ಲಿ ಒಂದೊಂದೇ ಸರಳಾಗಿ ಮುಂದಕ್ಕೆ ಸರಿಯುತ್ತಿದೆ, ಆಹಿಸ್ತಾ, ಹಾಲು ಉಕ್ಕುವ ಮೊದಲು, ಹಿಂದಿನ ಗೋಡೆಗೆ ಒಂದು ಗೇಣು, ನಾಲ್ಕು ಬೆರಳು, ತಟ್. ಹೋಲ್ಡಾನ್. ಎಂಜಿನ್ ಆರಿಸಿದೆ. ಯಾವುದೂ ಯಾವುದಕ್ಕೂ ತಾಗಿಲ್ಲ. ಅತ್ತ ರಶೀದ್ ತಮ್ಮ ಬಾಗಿಲನ್ನು ಪೂರ್ತಿ ತೆರೆದಿದ್ದಾರೆ, ಅದು ಮನೆಯ ಹೊಸ್ತಿಲ ಮುಂದೆಯೇ ತೆರೆದಿದೆ, ನಾಳೆ ಆಸ್ಪತ್ರೆಗೆ ಎಷ್ಟೊತ್ತಿಗೆ ಹೊರಡಾಣ ಅಂತ ಈಗಲೇ ಕೇಳುತ್ತಿದ್ದಾರೆ. ಹೇಳಬೇಕು, ಹೇಳುತ್ತೇನೆ. ವನಜಮ್ಮ ಗೇಟು ದಾಟಿ ಅಡ್ಡರಸ್ತೆಗೆ ಹೋಗಿ ತಮ್ಮ ಗ್ರಿಲ್ಲನ್ನು ಕೈಯಿಂದ ಸವರಿ ನೋಡಿದರು, ಆಮೇಲೆ ಬಗ್ಗಿದರು, ಸರಳುಗಳ ನಡುವೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಾರೆ, ಬ, ದ, ರು — ಎಷ್ಟ್ ದಪ್ಪ ಬರೆಸಿದೀಯಮ್ಮ, ಬಸ್ ಸ್ಟಾಪಿಗೇ ಕಾಣುತ್ತಲ್ಲ — ಬೀದಿಯ ಕಡೆಗೆ, ಬಿಸಿಲಿನ ಕಡೆಗೆ, ನನ್ನ ಬಾಗಿಲು, ಅದರ ಮೇಲೆ ಹಳದಿ ಅಕ್ಷರ, ಕೊನೆಯ ಸಾ, ಅದರ ತುದಿಯಿಂದ ಇಳಿಯುತ್ತ ಇಳಿಯುತ್ತ ನಡುವೆಯೇ ನಿಂತು ಒಣಗಿದ ಒಂದು ಹನಿ.