ಲಿಫ್ಟಿನ ಪಕ್ಕದ ಕ್ಯಾನು

ಕಾಂತಮ್ಮನಿಗೆ ಅಡುಗೆಗೆ ಎಣ್ಣೆ ಸಾಲುತ್ತಿರಲಿಲ್ಲ. ಮಲೇಶಿಯಾದ ಸೈಬರ್‌ಜಯಾದ ಈ ಫ್ಲ್ಯಾಟಿನಲ್ಲಿ ಸೊಸೆ ಗಾನವಿ ದಿನಕ್ಕೆ ಮೂರು ಚಮಚ ಅಳೆದು ಬಟ್ಟಲಿಗೆ ಸುರಿದು, ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಅವಳ ಗಂಡ ಭುವನ್‌ಗೆ ಹೃದಯಕ್ಕೆ ಸ್ಟೆಂಟ್ ಹಾಕಿ ಎಂಟು ತಿಂಗಳಾಗಿತ್ತು. ಅವನಿಗಿನ್ನೂ ಮೂವತ್ತೊಂಬತ್ತು.

ಶನಿವಾರ ಬೆಳಿಗ್ಗೆ ಅವನ ರಕ್ತಪರೀಕ್ಷೆಯ ವರದಿ ಫೋನಿಗೆ ಬಂತು. ಗಾನವಿ ಅದನ್ನು ಎರಡು ಸಲ ಓದಿದಳು.

"ಟ್ರೈಗ್ಲಿಸರೈಡ್ ಡಬಲ್ ಆಗಿದೆ. ಮೂರು ಚಮಚದಲ್ಲಿ ಹೇಗಾಗತ್ತೆ? ಆಫೀಸ್ ಕೆಳಗಿನ ಮಾಮಕ್ ಹೋಟೆಲಿಗೆ ಹೋಗಿ ಪರೋಟ ತಿಂತಿದ್ದೀಯ ತಾನೆ?"

"ಅಮ್ಮ ಬಂದ್ಮೇಲೆ ಒಂದಿನಾನೂ ಹೋಗಿಲ್ಲ," ಎಂದ ಭುವನ್. "ಯಾಕೆ ಹೋಗ್ಲಿ? ಮನೆ ಊಟಾನೇ ಸಖತ್ತಾಗಿದೆ."

ಅದು ನಿಜವಾಗಿದ್ದುದೇ ಅವಳನ್ನು ರೇಗಿಸಿತು. ಅತ್ತೆ ಬಂದ ಈ ಮೂರು ವಾರದಲ್ಲಿ ಪಲ್ಯಗಳು ಹೊಳೆಯತೊಡಗಿದ್ದವು. ಅತ್ತೆಯ ಕೈಗುಣ ಎಂದುಕೊಂಡು ಅವಳೂ ಎರಡೆರಡು ಸಲ ಬಡಿಸಿಕೊಂಡಿದ್ದಳು, ಹೆಚ್ಚು ಕೇಳಲು ಹೋಗಿರಲಿಲ್ಲ. ಐದು ವರ್ಷ ಮನೆಯಲ್ಲಿದ್ದವಳು ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ಮಗಳು ಪೂರ್ವಿಯನ್ನು ನೋಡಿಕೊಳ್ಳಲೆಂದೇ ಆರು ತಿಂಗಳ ವೀಸಾ ಪಾಸ್ ಮಾಡಿಸಿ ಅತ್ತೆಯನ್ನು ಮಂಡ್ಯದಿಂದ ಕರೆಸಿಕೊಂಡಿದ್ದಳು. ಬೇರೆ ಯಾರೂ ಇರಲಿಲ್ಲ.

ಅಡುಗೆಮನೆಗೆ ಹೋಗಿ ಒಂದೊಂದೇ ಕಪಾಟು ತೆಗೆದಳು. ಅಕ್ಕಿ ಡಬ್ಬಿಯ ಹಿಂದೆ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು, ಅರ್ಧ ಖಾಲಿ. ಬಾಯಿಗೆ ಹಳೆ ಸೀರೆಯ ತುಂಡು ಕಟ್ಟಿತ್ತು. ಮೈಮೇಲೆ ಮಲಯ್ ಭಾಷೆಯ ಚೀಟಿ: ಬಳಸಿದ ಅಡುಗೆ ಎಣ್ಣೆ. ಕಟ್ಟಡದವರು ಇಂಥ ಕ್ಯಾನುಗಳನ್ನು ಲಿಫ್ಟಿನ ಪಕ್ಕ ಇಡುತ್ತಾರೆ. ಕರಿದು ಉಳಿದದ್ದನ್ನು ಎಲ್ಲ ಮನೆಯವರೂ ತಂದು ಸುರಿಯುತ್ತಾರೆ. ತಿಂಗಳಿಗೊಮ್ಮೆ ಲಾರಿ ಬಂದು ಡೀಸೆಲ್ ಮಾಡಲು ಒಯ್ಯುತ್ತದೆ.

"ಅಜ್ಜಿ ಸೆಡ್ ಇಟ್ಸ್ ಅವರ್ ಸೀಕ್ರೆಟ್," ಎಂದಳು ಬಾಗಿಲಲ್ಲಿ ನಿಂತಿದ್ದ ಪೂರ್ವಿ.

ಅವಳ ಹಿಂದೆಯೇ ಬಂದ ಕಾಂತಮ್ಮ ಕ್ಯಾನನ್ನು ನೋಡಿದಳು, ಅಳುಕಲಿಲ್ಲ.

"ಚೆಲ್ಲೋಕೆ ಇಕ್ಕಿದ್ರು ಕಣವ್ವ, ಚಿನ್ನದಂಗಿತ್ತು. ಹುಣಸೆಹಣ್ಣು ಹಾಕಿ ಕಾಯ್ಸಿ, ಬಟ್ಟೇಲಿ ಸೋಸಿವ್ನಿ. ಊರಲ್ಲಿ ಬೋಂಡ ಕರ್ದಿದ್ ಎಣ್ಣೆನ ಒಗ್ಗರಣೆಗೆ ಹಾಕಲ್ವಾ? ಯಾರು ಸತ್ರು?"

"ಅದು ನಮ್ಮನೇದು, ಒಂದ್ಸಲ ಕಾದಿರತ್ತೆ. ಇದು ನಲವತ್ತು ಮನೇದು ಅತ್ತೆ. ಯಾರು ಎಷ್ಟು ಸಲ ಕಾಸಿದಾರೋ. ಸ್ಟೆಂಟ್ ಹಾಕಿರೋ ಮಗನಿಗೆ ಲಾರಿಗೆ ಹಾಕೋದನ್ನ ತಿನ್ನಿಸಿದ್ದೀರ."

"ನೀನು ಕಣ್ಣಿಗೆ ಔಸ್ತಿ ಬುಡೋ ಹಂಗೆ ಕೊಡ್ತಿದ್ದೆ. ನಾನು ಬಂದಾಗ ಅವನು ತಟ್ಟೆ ತಳ್ಳಿ ಎದ್ದೋಗ್ತಿದ್ದ. ನಾನೇನ್ ಮಾಡ್ಲಿ?"

"ತಟ್ಟೆ ತಳ್ಳಲಿ, ಬದುಕಿರ್ತಾನೆ. ನೀವೇ ಅವನನ್ನ ಸಾಯಿಸ್ತಿದ್ದೀರ."

ಕಾಂತಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಜಾರಕ್ಕೆ ನಡೆದಳು.

"ಭುವನಾ, ನಾಳಿಕೆ ಟಿಕೀಟು ಮಾಡ್ಸಪ್ಪ."

ಗಾನವಿಗೆ ಸೋಮವಾರ ನೆನಪಾಯಿತು. "ಅತ್ತೆ, ಸಿಟ್ಟಲ್ಲಿ ಅಂದೆ. ಬೀಗ ತೆಗೀತೀನಿ, ಬಾಟಲಿ ನೀವೇ ಇಟ್ಕೊಳ್ಳಿ. ಪೂರ್ವಿನ ಯಾರು ನೋಡ್ಕೋತಾರೆ?"

"ಮಗನ್ನ ಸಾಯ್ಸೋಳ ಕೈಗೆ ಮಗಳನ್ನ ಕೊಟ್ಟೀಯವ್ವ?"

ಗಾನವಿ ಗಂಡನ ಕಡೆ ನೋಡಿದಳು. "ನೀನಾದ್ರೂ ಹೇಳು."

"ಏನ್ ಹೇಳ್ಲಿ? ಬೀಗ ಹಾಕು ಅಂತ ನಾನ್ ಹೇಳಿದ್ನಾ?" ಎಂದ ಭುವನ್, ಫೋನಿನಲ್ಲಿ ವಿಮಾನ ಹುಡುಕುತ್ತ.

ಭಾನುವಾರ ಮಧ್ಯಾಹ್ನದ ವಿಮಾನಕ್ಕೆ ಸೀಟು ಸಿಕ್ಕಿತು. ಸೋಮವಾರ ಒಂಬತ್ತಕ್ಕೆ ಗಾನವಿ ಕಂಪನಿಗೆ ಫೋನ್ ಮಾಡಿ ಎರಡು ವಾರ ಕಾಲಾವಕಾಶ ಕೇಳಿದಳು. ಹತ್ತೂವರೆಗೆ, ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮೇಲ್ ಬಂತು. ಪೂರ್ವಿ ಅಜ್ಜಿಯ ಮಂಚದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

ಗಾನವಿ ಕಳೆದುಕೊಂಡದ್ದು ಒಂದು ಕೆಲಸ. ಕಾಂತಮ್ಮ ಕಳೆದುಕೊಂಡದ್ದು ಮೊಮ್ಮಗಳ ಜೊತೆಗಿನ ಐದು ತಿಂಗಳು, ಒಂಬತ್ತು ದಿನ.