ನೀರು ಸೋಸುವ ಬಟ್ಟೆ

“ಈ ಅರ್ಜಿ ಕೊಟ್ಟಾವ್ರು ನೀವೇನ್ರಿ?”

ಕಾಗವಾಡದ ಕಚೇರಿಯಲ್ಲಿ ಅಧಿಕಾರಿ ಎರಡನೇ ಸಲ ಕೇಳಿದರೂ ಭಾವುಸಾಹೇಬರು ಮೇಜಿನ ಮೇಲಿನ ಕಾಗದಗಳಿಂದ ಕಣ್ಣೆತ್ತಲಿಲ್ಲ. ಹನ್ನೊಂದು ಅರ್ಜಿ. ಶಿರಗುಪ್ಪಿಯ ಹನ್ನೊಂದು ಜನ ಊರು ಬಿಟ್ಟು ಹೋಗಿದ್ದಾರೆ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಬರೆದಿತ್ತು. ಹನ್ನೊಂದೂ ಮುಸಲ್ಮಾನರ ಹೆಸರು. ಕೆಳಗೆ ಅರ್ಜಿದಾರನೆಂದು ಭಾವುಸಾಹೇಬರ ಹೆಸರು, ಅವರದೇ ಮೊಬೈಲ್ ನಂಬರು. ಆ ಪೈಕಿ ಒಬ್ಬಳಾದ ಚಮನಬಿ ಅವರ ಮಗ್ಗುಲಲ್ಲೇ ನಿಂತಿದ್ದಳು.

ಮೂವತ್ತು ವರ್ಷದಿಂದ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು. ಹೊಲಿಗೆ ಕೆಲಸದವಳು. ಜೈನರಾದ ಭಾವುಸಾಹೇಬರ ಮನೆಯಲ್ಲಿ ನೀರು ಸೋಸುವ ಬಟ್ಟೆಗಳನ್ನೆಲ್ಲ ಹೊಲಿದು ಕೊಟ್ಟವಳು ಅವಳೇ. ಕಣ್ಣಿಗೆ ಕಾಣದ ಜೀವಕ್ಕೂ ಅಪಾಯವಾಗಬಾರದೆಂದು ಅವರ ಹೆಂಡತಿ ತಾರಾಬಾಯಿ ಹೇಳಿದಂತೆ, ಎರಡು ಪದರು ಮಡಿಸಿ ಒತ್ತಾಗಿ ಅಂಚು ಹಾಕುತ್ತಿದ್ದಳು.

ಭಾವುಸಾಹೇಬರಿಗೆ ಒಂದು ಮೆಸೇಜು ಕಳಿಸಲೂ ಬಾರದು. ಹೋದ ತಿಂಗಳು ಊರಿನ ಹುಡುಗ ಸಂಗ್ರಾಮ ಮನೆಯ ಕಟ್ಟೆಯ ಮೇಲೆ ಬಂದು ಕೂತು, “ಕಾಕಾ, ಕಬ್ಬ ಕಡಿಯೂ ಪಾಳಿ ಈಗ ಮೊಬೈಲ್‌ನ್ಯಾಗ ಬರತೈತಿ. ಓಟಿಪಿ ಹೇಳ್ಕೋತ ಹೋಗ್ರಿ” ಅಂದಿದ್ದ. ಹನ್ನೊಂದು ಸಲ ಮೊಬೈಲು ಸದ್ದು ಮಾಡಿತ್ತು; ಹನ್ನೊಂದು ಸಲವೂ ಓದಿ ಹೇಳಿದ್ದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವರು ಬೇರೆಯವರು.

ಆ ಸಂಗ್ರಾಮ ಈಗ ಬಾಗಿಲಲ್ಲಿ ನಿಂತಿದ್ದ. ಪಕ್ಷದವನು, ಕಬ್ಬು ಕಡಿಯುವ ಗ್ಯಾಂಗೂ ಅವನ ಕೈಯಲ್ಲೇ. ಭಾವುಸಾಹೇಬರ ನಾಲ್ಕೆಕರೆ ಕಬ್ಬು ಕಡಿಯುವವರಿಲ್ಲದೆ ಹೂ ಬಿಟ್ಟು ಒಣಗುತ್ತಿತ್ತು.

“ಅಣ್ಣಾ, ನಾ ಎಲ್ಲಿ ಹೋಗೀನಿ?” ಎಂದಳು ಚಮನಬಿ. “ಇಲ್ಲೇ ಅದಾಳ ಅಂತ ಒಂದ ಮಾತ ಹೇಳ್ರಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಅರ್ಜಿ ನಂದಲ್ಲ ಅಂದ್ರ ಈಗ ಒಗದ ಬಿಡ್ತೀನ್ರಿ. ನಂದ ಅಂದ್ರ ಮ್ಯಾಲ ಕಳಸಬೇಕು. ಆಮ್ಯಾಲ ಇವರ ಹೆಸರ ಉಳಿಯೂದು ನನ್ನ ಕೈಯಾಗ ಇಲ್ಲ.”

ಅಲ್ಲ ಅಂದರೆ ಓಟಿಪಿ ಕೇಳಿದವರಾರು ಎಂಬ ಪ್ರಶ್ನೆ ಬರುತ್ತದೆ. ಬಾಗಿಲಲ್ಲಿದ್ದ ಸಂಗ್ರಾಮನನ್ನು ಕಂಡು ಭಾವುಸಾಹೇಬರಿಗೆ ಭಯವಾಯಿತು.

“ನಂಬರ ನಂದ ಐತ್ರಿ” ಎಂದರು.

“ಅರ್ಜಿ?”

“ಅದೂ ನಂದ.”

ನಾಚಿಕೆಯಿಂದ ಅವರ ಕಿವಿ ಬಿಸಿಯಾದವು. ಬರುವಾಗ ಅವರೂ ಚಮನಬಿಯೂ ಒಂದೇ ಬಸ್ಸಿನಲ್ಲಿ ಮಾತಾಡುತ್ತ ಬಂದಿದ್ದರು. ಹೋಗುವಾಗ ಅವಳು ಹಿಂದಿನ ಸೀಟಿಗೆ ಹೋಗಿ ಕೂತಳು.

ಮನೆಗೆ ಬಂದಾಗ ತಾರಾಬಾಯಿ ಹಿತ್ತಲ ಬಾವಿಯ ನೀರು ಸೇದಿ ಸೋಸುತ್ತಿದ್ದಳು. “ಚಮನಬಿ ಕೆಲಸ ಆತೇನ್ರಿ?” ಎಂದು ಕೇಳಿದಳು. ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತರು. ಅವಳು ಲೋಟ ತುಂಬಿ ಕೊಟ್ಟು, ಬಟ್ಟೆಯನ್ನು ತಿರುವಿ, ಅದರ ಮೇಲೆ ನೀರು ಹನಿಸಿ ಕೊಡಕ್ಕೆ ಇಳಿಸಿದಳು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅವು ಬಂದ ಬಾವಿಗೇ ಮರಳಿ ಬಿಡುವುದು ಆ ಮನೆಯ ಪದ್ಧತಿ. ಕೊಡ ಬಾವಿಯ ನೀರು ಮುಟ್ಟುವವರೆಗೂ ಅವಳು ಹಗ್ಗವನ್ನು ಮೆಲ್ಲಗೆ ಬಿಡುತ್ತಿದ್ದಳು.

ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಭಾವುಸಾಹೇಬರು ನೀರು ಕುಡಿಯುವವರಲ್ಲ. ಹೊತ್ತು ಮುಳುಗಿದಾಗಲೂ ಲೋಟ ಅವರ ಕೈಯಲ್ಲಿ ತುಂಬಿದ ಹಾಗೇ ಇತ್ತು.