ಪೆಟ್ಟಿಗೆಯ ಬಸವ

ಟಪ್ ಅಂತ ಪೆಟ್ಟಿಗೆ ಒಡೆದ ಸದ್ದು, ಆಮೇಲೆ ಗೊರಸಿನ ದಡದಡ — ನೋಡದೆಯೇ ಗೊತ್ತಾಯಿತು ಸ್ಪಂದನಳಿಗೆ, ಪಕ್ಕದ ಕುರ್ಚಿಯಲ್ಲಿ ತಮ್ಮ ಅರುಣ ಮತ್ತೆ ಅದೇ ಹಳೇ ಆಟ ತೆರೆದು ಕೂತಿದ್ದಾನೆ, ಮೂವತ್ತೈದು ದಾಟಿದ ಗಂಡಸು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಟೋಕನ್ ಕಾಯುತ್ತಾ, ತೊಡೆಯ ಮೇಲೆ ಅಕ್ಕನ ಹಕ್ಕುಬಿಡುಗಡೆ ಪತ್ರ, ಅದರ ಮೇಲೆ ಫೋನು, ಫೋನಿನಲ್ಲಿ ಗೂಳಿ. ಮರದ ಪೆಟ್ಟಿಗೆಗೆ ಒಂದು ಗುದ್ದು ಸಾಕು, ಗೂಳಿ ಹೊರಬಂದು ಬೆನ್ನು ಕೊಟ್ಟು ನಿಲ್ಲುತ್ತದೆ, ಯಾರಪ್ಪಾ ನೀನು ಅಂತಲೂ ಕೇಳುವುದಿಲ್ಲ, ಹತ್ತಿದವನನ್ನು ಹೊತ್ತು ಓಡುತ್ತದೆ, ಮುಳ್ಳು ಚುಚ್ಚಿದರೆ ಅದಕ್ಕೇ, ಬೆಂಕಿ ತಗುಲಿದರೆ ಅದಕ್ಕೇ — ಅಪ್ಪ ಹೋದಾಗ ಇವನಿಗಿನ್ನೂ ಹದಿನಾಲ್ಕು, ಓದು ಬಿಟ್ಟು ವಿಜಯನಗರದ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಇವನ ಡಿಪ್ಲೊಮಾ ಮುಗಿಸಿದ್ದು ಯಾರು, ಊದಿಕೊಂಡ ಕಾಲು ಯಾರದು, ಹೋಗಲಿ, ಹೊತ್ತದ್ದಕ್ಕೆ ಬೇಜಾರಿಲ್ಲ, ಬೆಳಿಗ್ಗೆ ಅರಿಶಿನ ಕುಂಕುಮಕ್ಕೆ ಅಂತ ಕೈಗಿಟ್ಟನಲ್ಲ ಸೀರೆ, ತವರಿನ ಹೆಣ್ಣುಮಕ್ಕಳು ಸೀರೆ ತಗೊಂಡು ಸಹಿ ಹಾಕುವುದು ಮಾರೇನಹಳ್ಳಿಗೆ ಹೊಸದಲ್ಲ, ಅಂಜಮ್ಮತ್ತೆಯೂ ಹಾಕಿದ್ದರು, ಆದರೆ ಅಕ್ಕ ನಿಲ್ಲುವ ಅಂಗಡಿಯದನ್ನೇ ತರುವುದೇ ಹಾಳಾದವನು, ಆಫರಿನ ರಾಶಿಯದು, ಮಡಿಕೆ ನೋಡಿದರೇ ಗೊತ್ತಾಗುವುದಿಲ್ಲವೇ. ಅಪ್ಪನ ಮನೆ ಖಾತೆ ಒಬ್ರ ಹೆಸ್ರಲ್ಲಿದ್ರೆ ಸುಲಭ ಕಣಕ್ಕಾ, ಹಿಂದಿನ ಎರಡು ರೂಮು ಯಾವತ್ತಿದ್ರೂ ನಿಂದೇ, ಅಂದಿದ್ದ, ನಂಬಿ ಬಂದಳು, ಹತ್ತು ನಿಮಿಷದ ಹಿಂದೆ ಅವನಿಗೆ ಯಾವುದೋ ಬಿಲ್ಡರನ ಫೋನು ಬಂತು, ಬಾಗಿಲ ಹತ್ತಿರ ಹೋಗಿ ಮೆಲ್ಲಗೆ, ಇವತ್ತು ಸೈನ್ ಆಗೋಗುತ್ತೆ ಸಾರ್, ಹಿಂದಿನ ರೂಮೂ ಸೇರ್ಸೇ ಒಡೀರಿ, ಅವ್ಳಿಗೆ ದೀಪಾಂಜಲಿ ನಗರದ ಕಡೆ ಎಲ್ಲಾದ್ರೂ ಪೀಜಿ ನೋಡ್ತೀನಿ — ಮೆಲ್ಲಗೆ ಅಂದರೂ ಕೇಳಿಸಿತು, ಬಂದು ಕೂತ, ಆಟ ಮುಂದುವರಿಸಿದ.

ಈಗ ಹಳ್ಳ ಬರುತ್ತದೆ, ಅವಳಿಗೆ ಗೊತ್ತು, ಎಂಥಾ ಅಗಲದ ಹಳ್ಳ, ಗೂಳಿಯ ಸಮೇತ ನೆಗೆದರೆ ಆಚೆ ದಡ ಸಿಗುವುದಿಲ್ಲ. ಆರು ವರ್ಷದ ಅರುಣ ಅದಕ್ಕೆ ಬಸವ ಅಂತ ಹೆಸರಿಟ್ಟಿದ್ದ, ಹಳ್ಳದ ಅಂಚಿಗೆ ತಂದು ನಿಲ್ಲಿಸಿಕೊಂಡು ಗೊಳೋ ಅಂತ ಅತ್ತಿದ್ದ, ಬಸವ ಸತ್ತೋಗುತ್ತೆ ಅಕ್ಕ, ನಾನ್ ಹೋಗಲ್ಲ — ಕೊಡೋ ಇಲ್ಲಿ ಪೆದ್ದೇ ಅಂತ ಟೀವಿ ಗೇಮಿನ ರಿಮೋಟು ಕಿತ್ತುಕೊಂಡವಳು ಯಾರು, ಅಯ್ಯೋ, ಇವಳೇ ಅಲ್ಲವೇ, ಹಿಂಗೆ ನೋಡು, ಅದರ ಬೆನ್ನ ಮೇಲಿಂದ ಇನ್ನೊಂದ್ಸಲ ನೆಗಿ, ನೀನು ಆಚೆ ಸೇರ್ತೀಯ, ಅದು ಬಿದ್ರೆ ಬೀಳ್ಲಿ ಕಣೋ, ಮುಂದೆ ಇನ್ನೊಂದು ಪೆಟ್ಟಿಗೆ ಸಿಗುತ್ತೆ. ಕಣ್ಣೊರೆಸಿಕೊಂಡು ನೋಡಿದ್ದ, ಚೆನ್ನಾಗಿ ನೋಡಿದ್ದ. ಗೂಳಿ ಬೀಳುತ್ತಿತ್ತು, ಕೆಳಗೆ ನೆಲವಿಲ್ಲ ಅನ್ನುವುದು ಅದಕ್ಕೆ ತಿಳಿದಿರಲಿಲ್ಲ, ಕಾಲು ಓಡುತ್ತಲೇ ಇದ್ದವು.

ಸ್ಪಂದನ ಯಾರಮ್ಮ, ಬನ್ನಿ, ಹೆಬ್ಬೆಟ್ಟಿಡಿ. ನಡಿಯಕ್ಕಾ, ತಲೆ ಎತ್ತದೆ ಅನ್ನುತ್ತಾನೆ ಅರುಣ, ಇದೊಂದು ದಾಟಿ ಬಂದ್ಬಿಟ್ಟೆ — ಎದ್ದಳು, ಕಾಲು ತಾವಾಗಿಯೇ ಕೌಂಟರಿನ ಕಡೆ, ಬೇಡ, ಇಡಬೇಡ, ವಾಪಸು ಹೋಗು, ಹೋಗುವುದೆಲ್ಲಿಗೆ, ಯಾರನ್ನು ಬಯ್ಯುವುದು, ಹೇಳಿಕೊಟ್ಟವಳು ನೀನೇ, ಪುಟ್ಟ ಗಾಜಿನ ಮೇಲೆ ಕೆಂಪು ಬೆಳಕು, ಹೆಬ್ಬೆರಳು ತಣ್ಣಗೆ, ಒತ್ತಿ ಅಮ್ಮ, ಇನ್ನೂ ಒತ್ತಿ, ಹಿಂದೆ ಟಣ್ ಅಂತ ಅವನು ನೆಗೆದ ಸದ್ದು, ಆಚೆ ಸೇರಿದ, ಕೆಳಗೆ ಗೂಳಿ, ಬೀಳುತ್ತಿದೆ, ಕಾಲು ಓಡುತ್ತಲೇ ಇವೆ, ಕಾಲು ಓಡುತ್ತಲೇ ಇವೆ